ಮರ ತನ್ನೊಳಗೆ ಕಟ್ಟಿಕೊಂಡ ಗೋಡೆಗಳು

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ, ಹಾರ್ಲೆಮ್ ಊರಿನ ಹತ್ತಿರ, ಒಂದು ಹಳೆಯ ಸೇಬಿನ ಮರವನ್ನು ಕಡಿದರು. ಕೊಯ್ದ ಬೊಡ್ಡೆಯ ನಡುವೆ ಕಪ್ಪು ಕಲೆಗಳು ಕಂಡವು. ನಿಲುವಂಗಿ ತೊಟ್ಟ ಕ್ಯಾಥೊಲಿಕ್ ಪಾದ್ರಿಗಳು ನಿಂತ ಹಾಗಿದೆಯಲ್ಲ ಎಂದು ಯಾರೋ ಅಂದರು. ಮಾತು ಊರೆಲ್ಲ ಹಬ್ಬಿತು. ಹಾಲೆಂಡ್ ಆಗ ಕ್ಯಾಥೊಲಿಕ್ ಸ್ಪೇನಿನೊಡನೆ ದಶಕಗಳಿಂದ ಯುದ್ಧದಲ್ಲಿದ್ದ ನಾಡು. ಅಂಥ ಕಾಲದಲ್ಲಿ ಮರದೊಳಗೆ ಪಾದ್ರಿಗಳು ಮೂಡಿದರೆಂಬುದು ಬರಿಯ ಕುತೂಹಲದ ಸುದ್ದಿಯಾಗಿ ಉಳಿಯುವಂಥದ್ದಲ್ಲ. ಆಗ ಪೀಟರ್ ಸಾನ್‌ರೆಡಾಮ್ ಎಂಬ ಚಿತ್ರಕಾರ ಒಂದು ಕೆಲಸ ಮಾಡಿದ. ಚರ್ಚುಗಳ ಒಳಾಂಗಣವನ್ನು ಅಳತೆ ತಪ್ಪದೆ ಬಿಡಿಸಿ ಮುಂದೆ ಹೆಸರಾದವನು ಈತ. ಮರದಲ್ಲಿ ಕಂಡ ಕಲೆಗಳನ್ನು ಇದ್ದದ್ದು ಇದ್ದ ಹಾಗೆ, ಒಂದು ಗೆರೆ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ತಾಮ್ರದ ತಗಡಿನ ಮೇಲೆ ಕೊರೆದು 1628ರಲ್ಲಿ ಅಚ್ಚು ಹಾಕಿಸಿದ. ಜನ ಏನೇನೋ ಕಂಡೆವೆನ್ನುತ್ತಿದ್ದಾರೆ, ನಿಜವಾಗಿ ಇರುವುದು ಇಷ್ಟು ಎಂದು ತೋರಿಸುವುದೇ ಆ ಚಿತ್ರದ ಉದ್ದೇಶ. ನೋಡಿದರೆ ಅಂಚು ಸೊಟ್ಟಗಿರುವ ಕೆಲವು ಕಪ್ಪು ಆಕಾರಗಳು, ಅಷ್ಟೆ.

ವದಂತಿಗೆ ಅವನು ಕೊಟ್ಟ ಉತ್ತರವನ್ನು ನಾನು ತುಂಬ ಗೌರವಿಸುತ್ತೇನೆ. ಯಾರನ್ನೂ ಹೀಯಾಳಿಸಲಿಲ್ಲ, ನೋಡಿ ಎಂದ. ಆದರೆ ಆ ಕಪ್ಪು ಅಲ್ಲಿಗೆ ಬಂದದ್ದು ಎಲ್ಲಿಂದ ಎಂದು ಹೇಳುವುದು ಅವನಿಗಾಗಲಿ ಆ ಕಾಲದ ಬೇರೆ ಯಾರಿಗಾಗಲಿ ಸಾಧ್ಯವಿರಲಿಲ್ಲ. ಆ ಉತ್ತರಕ್ಕೆ ಇನ್ನೂ ಮುನ್ನೂರೈವತ್ತು ವರ್ಷ ಬೇಕಾಯಿತು. ಇವತ್ತಿನ ನನ್ನ ಮಾತು ಆ ಉತ್ತರದ ಬಗ್ಗೆ.

ಮೊದಲು, ಮರದ ಒಳಗೆ ಬಣ್ಣ ಇರುವುದೇ ಅಸಹಜವೇನಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ದೊಡ್ಡ ಮರದಲ್ಲಿ ಜೀವವಿರುವುದು ಹೊರಗಿನ ಭಾಗದಲ್ಲಿ ಮಾತ್ರ: ತೊಗಟೆ, ಅದರಡಿ ಬೆಳೆಯುವ ತೆಳು ಪದರ, ಅದರೊಳಗೆ ನೀರನ್ನು ಮೇಲಕ್ಕೇರಿಸುವ ಬೆಳ್ಳಗಿನ ಮರ. ಅದಕ್ಕೂ ಒಳಗಿನದು ಚೇಗು, ಅದು ಸತ್ತ ಭಾಗ. ಬೆಳ್ಳಗಿನ ಮರದ ಒಳಂಚಿನ ಜೀವಕೋಶಗಳು ಸಾಯುವ ಮುಂಚೆ, ತಮ್ಮಲ್ಲಿ ಕೂಡಿಟ್ಟ ಸಕ್ಕರೆ, ಪಿಷ್ಟಗಳನ್ನು ಬಣ್ಣದ, ವಾಸನೆಯ, ಹುಳಕ್ಕೆ ಒಗ್ಗದ ರಾಸಾಯನಿಕಗಳಾಗಿ ಮಾರ್ಪಡಿಸಿ ಸುತ್ತ ತುಂಬುತ್ತವೆ. ತೇಗಕ್ಕೆ ಗೆದ್ದಲು ಹೆದರುವುದು ಹೀಗೆ. ಬೀಟೆಯ ಕಂದುಗಪ್ಪು, ಹೊನ್ನೆಯ ಹೊಂಬಣ್ಣ ಬಂದದ್ದು ಹೀಗೆ. ಹಲಸಿನ ಚೇಗಿನ ಹಳದಿಯಲ್ಲಿ ಮೋರಿನ್ ಎಂಬ ಬಣ್ಣವಿದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಹಲಸಿನ ಚಕ್ಕೆಯನ್ನು ಕುದಿಸುತ್ತಿದ್ದರು. ಇವೆಲ್ಲ ಮರದ ಸಹಜ ಬಣ್ಣ. ಸುತ್ತಲೂ ಹೆಚ್ಚುಕಡಿಮೆ ಸಮವಾಗಿ ಬರುತ್ತದೆ, ವಯಸ್ಸಿಗೆ ಬರುತ್ತದೆ.

ನಾನು ಹೇಳಹೊರಟಿರುವುದು ಸಮವಾಗಿ ಬಾರದ ಬಣ್ಣದ ಬಗ್ಗೆ. ಒಂದು ಬದಿಯಲ್ಲಷ್ಟೇ ಇರುವ ಕಪ್ಪು, ನಡುವೆ ಚುಕ್ಕಿ ಚುಕ್ಕಿ ನಕ್ಷತ್ರ, ಬಿಳಿ ಮರದಲ್ಲಿ ನೀಲಿ ಪಟ್ಟೆ, ಕೂದಲೆಳೆಯಂಥ ಕರಿ ಗೆರೆ. ಇವು ಕಂಡವೆಂದರೆ ಆ ಮರಕ್ಕೆ ಒಂದು ದಿನ ಏನೋ ಆಗಿದೆ.

ಇದನ್ನು ಬಿಡಿಸಿ ಹೇಳಿದವರು ಅಮೆರಿಕದ ಅಲೆಕ್ಸ್ ಶೈಗೊ. ಅಲ್ಲಿನ ಅರಣ್ಯ ಸೇವೆಯಲ್ಲಿ ವಿಜ್ಞಾನಿಯಾಗಿದ್ದರು. ಅವರಿಗಿಂತ ಮುಂಚಿನವರು ಮರವನ್ನು ಅಡ್ಡ ಕೊಯ್ದು ಉಂಗುರ ಎಣಿಸುತ್ತಿದ್ದರು. ಕೈಗೆ ಬಂದಿದ್ದ ಚೈನ್‌ಸಾ ಹಿಡಿದು ಶೈಗೊ ಮರವನ್ನು ಬುಡದಿಂದ ತುದಿಗೆ ಉದ್ದಕ್ಕೆ ಸೀಳಿದರು. ಒಂದಲ್ಲ ಎರಡಲ್ಲ, ಸಾವಿರಾರು ಮರಗಳನ್ನು. ಅಡ್ಡ ಕೊಯ್ದಾಗ ಗುರುತು ಸಿಗದ ಆಕಾರವಾಗಿ ಕಾಣುವ ಕಲೆ, ಉದ್ದಕ್ಕೆ ಸೀಳಿದಾಗ ಒಂದು ಕಂಬವಾಗಿ ಕಂಡಿತು. ಆ ಕಂಬವನ್ನು ಹಿಂಬಾಲಿಸಿಕೊಂಡು ಹೋದರೆ ಯಾವಾಗಲೂ ಒಂದು ಗಾಯಕ್ಕೆ ಮುಟ್ಟುತ್ತದೆ: ಮುರಿದ ಕೊಂಬೆ, ಕೊಡಲಿ ಏಟು, ಬೆಂಕಿ ತಾಗಿದ ಜಾಗ, ಪ್ರಾಣಿ ತೊಗಟೆ ಸುಲಿದ ಜಾಗ.

ಗಾಯವಾದಾಗ ಮರ ಏನು ಮಾಡುತ್ತದೆ? ನಮ್ಮ ಮೈಯಲ್ಲಾದರೆ ಕೆಟ್ಟ ಚರ್ಮದ ಜಾಗಕ್ಕೆ ಹೊಸ ಚರ್ಮ ಬರುತ್ತದೆ. ಮರಕ್ಕೆ ಆ ಶಕ್ತಿಯಿಲ್ಲ. ಒಮ್ಮೆ ಕೆಟ್ಟ ಮರ ಕೆಟ್ಟದ್ದೇ, ಅದು ಆ ಮರದ ಆಯುಸ್ಸಿನುದ್ದಕ್ಕೂ ಒಳಗೇ ಇರುತ್ತದೆ. ಮರ ಮಾಡಬಲ್ಲದ್ದು ಆ ಜಾಗವನ್ನು ಪ್ರತ್ಯೇಕಿಸಿ, ಸುತ್ತ ಗೋಡೆ ಕಟ್ಟಿ, ತಾನು ಆಚೆಗೆ ಬೆಳೆಯುವುದನ್ನು. ಶೈಗೊ ನಾಲ್ಕು ಗೋಡೆಗಳನ್ನು ಗುರುತಿಸಿದರು. ಗಾಯದ ಮೇಲೆ ಕೆಳಗೆ ನೀರು ಹರಿಯುವ ನಾಳಗಳಿಗೆ ಮರ ಬಿರಡೆ ಹಾಕುತ್ತದೆ. ಅಕ್ಕಪಕ್ಕದ ಕೋಶಗಳು ಗುಳ್ಳೆಯಂತೆ ನಾಳದೊಳಗೆ ಉಬ್ಬುತ್ತವೆ, ಅಂಟು ತುಂಬುತ್ತದೆ. ಇದು ಮೊದಲನೆಯ ಗೋಡೆ, ಎಲ್ಲಕ್ಕಿಂತ ದುರ್ಬಲ. ಆದ್ದರಿಂದಲೇ ಕಲೆ ಉದ್ದಕ್ಕೆ ಬಹುದೂರ ಓಡುತ್ತದೆ. ಒಳಮುಖವಾಗಿ ಹೋಗದಂತೆ ತಡೆಯುವುದು ಪ್ರತಿ ವರ್ಷದ ಉಂಗುರದ ಕೊನೆಯ ಒತ್ತು ಪದರ, ಅದು ಎರಡನೆಯದು. ಅಡ್ಡಕ್ಕೆ ಹರಡದಂತೆ ತಡೆಯುವುದು ನಡುವಿನಿಂದ ತೊಗಟೆಯತ್ತ ಸಾಗುವ ಕಿರಣಕೋಶಗಳು, ಅದು ಮೂರನೆಯದು. ಈ ಮೂರೂ ಗಾಯವಾಗುವ ಹೊತ್ತಿಗೆ ಅಲ್ಲಿದ್ದ ಮರದಲ್ಲೇ ಎದ್ದವು. ನಾಲ್ಕನೆಯದು ಮಾತ್ರ ಗಾಯವಾದ ಮೇಲೆ ತೊಗಟೆಯಡಿಯ ಪದರ ಹೊಸದಾಗಿ ಕಟ್ಟಿದ್ದು, ಎಲ್ಲಕ್ಕಿಂತ ಬಲವಾದದ್ದು. ಅದನ್ನು ದಾಟಿ ಕೊಳೆ ಹೊರಗೆ ಬರುವುದು ಅಪರೂಪ.

ಇದರಿಂದ ಒಂದು ಅಚ್ಚರಿಯ ಫಲ ಸಿಗುತ್ತದೆ. ಗಾಯದ ಆಮೇಲೆ ಹುಟ್ಟಿದ ಮರ ಚೊಕ್ಕಟವಾಗಿರುವುದರಿಂದ, ಕಲೆಯ ಹೊರಂಚು ಗಾಯವಾದ ವರ್ಷದ ಉಂಗುರಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಅಲ್ಲಿಂದ ತೊಗಟೆವರೆಗೆ ಉಂಗುರ ಎಣಿಸಿದರೆ ಆ ಏಟು ಎಷ್ಟು ವರ್ಷದ ಹಿಂದಿನದು ಎಂದು ಹೇಳಬಹುದು. ಶೈಗೊ ಇದನ್ನೆಲ್ಲ ಸಹೋದ್ಯೋಗಿ ಹೆರಾಲ್ಡ್ ಮಾರ್ಕ್ಸ್ ಜೊತೆ 1977ರಲ್ಲಿ ಒಂದು ಚಿಕ್ಕ ಪುಸ್ತಿಕೆಯಾಗಿ ಪ್ರಕಟಿಸಿದರು. ಮರಗಳನ್ನು ನೋಡಿಕೊಳ್ಳುವವರ ಕೆಲಸದ ರೀತಿಯನ್ನೇ ಬದಲಿಸಿದ ಪುಸ್ತಿಕೆ ಅದು. ಹಾರ್ಲೆಮ್ಮಿನ ಸೇಬಿನ ಮರಕ್ಕೆ ಇದನ್ನು ಹಚ್ಚಿ ನೋಡಿದರೆ ನನಗೆ ಅನ್ನಿಸುವುದು ಇಷ್ಟು: ತೋಟದ ಸೇಬು ವರ್ಷ ವರ್ಷ ಕೊಂಬೆ ಸವರಿಸಿಕೊಳ್ಳುವ ಮರ, ಒಂದೊಂದು ಸವರಿಗೆ ಒಂದೊಂದು ಕಂಬ ಕಲೆ ಇಳಿದು, ಅಡ್ಡ ಕೊಯ್ದಾಗ ಅವೆಲ್ಲ ಒಂದಕ್ಕೊಂದು ಕೂಡಿಕೊಂಡು ಮನುಷ್ಯಾಕೃತಿಯ ಭ್ರಮೆ ಹುಟ್ಟಿಸಿರಬೇಕು.

ನಮ್ಮಲ್ಲಿಗೆ ಬರೋಣ. ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ ಕೊಂಬೆಯನ್ನು ಎಲ್ಲಿ ಕಡಿಯುತ್ತೇವೆ ಎಂಬುದು ಮುಂದಿನ ಇಪ್ಪತ್ತು ವರ್ಷ ಆ ಬೊಡ್ಡೆಯೊಳಗೆ ಏನು ನಡೆಯುತ್ತದೆಂಬುದನ್ನು ತೀರ್ಮಾನಿಸುತ್ತದೆ. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಮರದ ಗೋಡೆ ಕಟ್ಟುವ ಸಾಮರ್ಥ್ಯ ಇರುವುದು ಆ ಉಬ್ಬಿನಲ್ಲಿ. ಅದನ್ನೂ ಸೇರಿಸಿ ಬೊಡ್ಡೆಗೆ ಸಮನಾಗಿ ಸವರಿದರೆ ಬಾಗಿಲನ್ನೇ ಕಿತ್ತ ಹಾಗೆ. ಗೇಣುದ್ದ ಮೋಟು ಬಿಟ್ಟರೂ ಕೊಳೆ ಅದರ ಮೂಲಕ ಇಳಿಯುತ್ತದೆ. ಉಬ್ಬಿನ ಹೊರಗೆ, ಅದಕ್ಕೆ ತಾಗಿದಂತೆ ಕಡಿಯಬೇಕು. ಕಡಿದ ಜಾಗಕ್ಕೆ ಟಾರು, ಪೇಂಟು ಬಳಿಯುವ ರೂಢಿಯಿಂದ ಕೊಳೆ ನಿಲ್ಲುವುದಿಲ್ಲವೆಂದೂ ಶೈಗೊ ತೋರಿಸಿಕೊಟ್ಟರು. ಪಟ್ಟಣಗಳ ರಸ್ತೆಬದಿಯ ಮರಗಳಿಗೆ ಜಾಹೀರಾತಿನ ಮೊಳೆ ಹೊಡೆಯುವುದನ್ನು, ಬೇಲಿಯ ತಂತಿಯನ್ನು ಮರಕ್ಕೇ ಸುತ್ತುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇಲೆ ತೊಗಟೆ ಮುಚ್ಚಿಕೊಂಡು ಎಲ್ಲ ಸರಿಯಾದಂತೆ ಕಂಡೀತು. ಒಳಗೆ ಮರ ಅಷ್ಟು ಭಾಗವನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತದೆ.

ಮರ ಕಟ್ಟಿದ ಗೋಡೆಯ ಮಾತಾಯಿತು. ಗೋಡೆ ಯಾರ ವಿರುದ್ಧ? ಬಹುಮಟ್ಟಿಗೆ ಶಿಲೀಂಧ್ರಗಳ ವಿರುದ್ಧ. ಮರ ಕೊಳೆತರೆ ಅಣಬೆ ತಾನಾಗಿ ಹುಟ್ಟುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲೂ ವಿದ್ವಾಂಸರು ನಂಬಿದ್ದರು. ಜರ್ಮನಿಯ ರಾಬರ್ಟ್ ಹಾರ್ಟಿಗ್ 1874ರಲ್ಲಿ ಅದನ್ನು ತಿರುವಿ ಹಾಕಿದರು. ಹೊರಗೆ ಕಾಣುವ ಅಣಬೆಗೂ ಒಳಗೆ ಕುಂಬಾದ ಮರದಲ್ಲಿ ಹರಿದಾಡುವ ಸೂಕ್ಷ್ಮ ಎಳೆಗಳಿಗೂ ಸಂಬಂಧ ತೋರಿಸಿ, ಕೊಳೆಗೆ ಶಿಲೀಂಧ್ರವೇ ಕಾರಣ ಎಂದರು.

ಎಲ್ಲ ಶಿಲೀಂಧ್ರವೂ ಮರವನ್ನು ತಿನ್ನುವುದಿಲ್ಲ. ಸುಳ್ಯದ ಕಡೆ ರಬ್ಬರ್ ತೋಟಗಳಿವೆ. ಹಾಲು ಬತ್ತಿದ ರಬ್ಬರ್ ಮರವನ್ನು ಕಡಿದು ನಾಲ್ಕಾರು ದಿನ ಹಾಗೇ ಬಿಟ್ಟರೆ, ಕೆನೆಬಿಳುಪಿನ ಮರದೊಳಗೆ ಬೂದುನೀಲಿ ಪಟ್ಟೆಗಳು ಹರಡುತ್ತವೆ. ಲ್ಯಾಸಿಯೊಡಿಪ್ಲೋಡಿಯಾ ಎಂಬ ಶಿಲೀಂಧ್ರದ ಕೆಲಸ ಇದು. ಮಾವಿನ ಹಣ್ಣು ತೊಟ್ಟಿನ ಕಡೆಯಿಂದ ಕೊಳೆಯುವುದೂ ಇದರಿಂದಲೇ. ರಬ್ಬರ್ ಮರದ ತುಂಬ ಸಕ್ಕರೆ, ಪಿಷ್ಟ. ಶಿಲೀಂಧ್ರಕ್ಕೆ ಬೇಕಾದದ್ದು ಅದು, ಮರದ ಗೋಡೆಯಲ್ಲ. ಹಾಗಾಗಿ ಹಲಗೆಯ ಗಟ್ಟಿತನ ಹೆಚ್ಚುಕಡಿಮೆ ಉಳಿಯುತ್ತದೆ, ಅಂದ ಹೋಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ತಡವಿಲ್ಲದೆ ಕೊಯ್ದು ಬೋರಾನ್ ದ್ರಾವಣ ಕುಡಿಸಿ ಒಣಗಿಸುವುದು ಅದಕ್ಕೇ. ಇಲ್ಲೊಂದು ಸೋಜಿಗವಿದೆ. ಆ ಶಿಲೀಂಧ್ರದ ಎಳೆ ಸೂಕ್ಷ್ಮದರ್ಶಕದಲ್ಲಿ ಕಂದು ಬಣ್ಣ, ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಜಾತಿಯದು. ಮರದೊಳಗೆ ಅದು ಬೆಳಕನ್ನು ಚದುರಿಸುವ ರೀತಿಯಿಂದ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇದೇ ನೀಲಿ ದೊಡ್ಡ ದುರಂತದ ಗುರುತಾಯಿತು. ಅಲ್ಲಿನ ಪೈನ್ ಮರಗಳನ್ನು ಕೊರೆಯುವ ಅಕ್ಕಿಕಾಳಿನಷ್ಟು ದೊಡ್ಡ ದುಂಬಿಯೊಂದು ತನ್ನ ಬಾಯಿಯ ಬಳಿಯ ಪುಟ್ಟ ಚೀಲದಲ್ಲಿ ನೀಲಿ ಶಿಲೀಂಧ್ರದ ಬೀಜಕಣಗಳನ್ನು ಹೊತ್ತು ತರುತ್ತದೆ. 1990ರ ದಶಕದ ಕೊನೆಯಿಂದ ಚಳಿಗಾಲಗಳು ಸೌಮ್ಯವಾಗಿ, ದುಂಬಿ ಸಾಯದೆ, ಕೋಟ್ಯಂತರ ಮರಗಳು ಒಣಗಿದವು. ಆ ನೀಲಿ ಹಲಗೆಯನ್ನು ಅಲ್ಲಿನವರು ಡೆನಿಮ್ ಪೈನ್ ಎಂಬ ಹೆಸರಿಟ್ಟು ಮಾರಿದರು.

ಈಗ ಈ ಮೇಜಿನ ಮೇಲೆ ಇಟ್ಟಿರುವ ಮಾವಿನ ಹಲಗೆಯನ್ನು ನೋಡಿ. ಮಳೆಗಾಲವಿಡೀ ಸಾಮಿಲ್ಲಿನ ಅಂಗಳದಲ್ಲಿ ಬಿದ್ದಿದ್ದ ದಿಮ್ಮಿಯಿಂದ ಕೊಯ್ದದ್ದು. ಒಂದು ಕಡೆ ಬಿಸ್ಕತ್ತಿನ ಬಣ್ಣ, ಪಕ್ಕದಲ್ಲಿ ಸುಣ್ಣದಷ್ಟು ಬಿಳಿಚಿದ ತೇಪೆ, ಅದರಾಚೆ ಬೂದು. ಇವುಗಳ ನಡುವೆ ಮಸಿಯಲ್ಲಿ ಎಳೆದಂಥ ಕಪ್ಪು ಗೆರೆಗಳು, ಸುತ್ತಿ ಬಳಸಿ, ಎಲ್ಲೂ ಮರದ ನೂಲನ್ನು ಲೆಕ್ಕಿಸದೆ ಸಾಗಿವೆ. ಹಲಗೆಯನ್ನು ತಿರುವಿದರೆ ಗೆರೆ ಅಂಚಿನ ಮೇಲಿಂದ ಹಾದು ಹಿಂಬದಿಯಲ್ಲೂ ಮುಂದುವರಿಯುತ್ತದೆ. ಅಂದರೆ ಇದು ಗೆರೆಯೇ ಅಲ್ಲ, ಒಂದು ಪರದೆ. ಗರಗಸ ಅದನ್ನು ಕೊಯ್ದ ಜಾಗ ನಮಗೆ ಗೆರೆಯಾಗಿ ಕಾಣುತ್ತಿದೆ. ಭೂತಗನ್ನಡಿಯಲ್ಲಿ ನೋಡಿದರೆ ಕೆಲವೆಡೆ ಗೆರೆ ಜೋಡಿಯಾಗಿದೆ, ಎರಡರ ನಡುವೆ ಯಾರೂ ಮುಟ್ಟದ ಸಣ್ಣ ಪಟ್ಟಿ ಉಳಿದಿದೆ.

ಈ ಗೋಡೆಯನ್ನು ಕಟ್ಟಿದ್ದು ಮರವಲ್ಲ, ಮರ ಆಗಲೇ ಸತ್ತಿತ್ತು. ಕಟ್ಟಿದ್ದು ಶಿಲೀಂಧ್ರಗಳು, ಒಂದರ ವಿರುದ್ಧ ಒಂದು. ಒಂದು ದಿಮ್ಮಿಗೆ ಹಲವು ಶಿಲೀಂಧ್ರಗಳು ಬೇರೆ ಬೇರೆ ಕಡೆಯಿಂದ ನುಗ್ಗುತ್ತವೆ. ಎರಡು ಎದುರಾದಲ್ಲಿ ತಂತಮ್ಮ ಎಳೆಗಳನ್ನು ಒತ್ತಾಗಿ ಹೆಣೆದು, ಕಪ್ಪು ಮೆಲನಿನ್ ತುಂಬಿ ಗಡಿ ಹಾಕಿಕೊಳ್ಳುತ್ತವೆ. ಇಬ್ಬರು ಹಿಸ್ಸೆದಾರರ ಗದ್ದೆಯ ನಡುವಿನ ಬದುವಿನಂತೆ, ಇದು ಜಗಳ ನಿಂತ ಜಾಗ. ಕೆಲವು ಜಾತಿಗಳು ಎದುರಾಳಿ ಇಲ್ಲದಿದ್ದರೂ, ಒಳಗಿನ ತೇವ ಆರದಿರಲೆಂದು ಸುತ್ತ ಇಂಥ ಪೌಳಿ ಹಾಕಿಕೊಳ್ಳುವುದುಂಟು. ಬ್ರಿಟನ್ನಿನ ಆಲನ್ ರೇನರ್ ಮತ್ತು ನಾರ್ಮನ್ ಟಾಡ್ 1970ರ ದಶಕದಲ್ಲಿ ಇದರ ಒಂದು ಸೂಕ್ಷ್ಮವನ್ನು ಹೊರಗೆಡಹಿದರು. ಗಡಿ ಇರುವುದು ಬೇರೆ ಬೇರೆ ಜಾತಿಗಳ ನಡುವೆ ಮಾತ್ರವಲ್ಲ. ಒಂದೇ ಜಾತಿಯ ಎರಡು ಶಿಲೀಂಧ್ರಗಳೂ ಒಂದನ್ನೊಂದು ಅನ್ಯವೆಂದು ಗುರುತಿಸಿ ಗಡಿ ಹಾಕುತ್ತವೆ. ಒಂದು ಬೊಡ್ಡೆಯ ತುಂಬ ಒಂದೇ ಶಿಲೀಂಧ್ರ ಹರಡಿದೆಯೆಂದು ಅಂದುಕೊಂಡಿದ್ದ ಕಡೆ, ಹತ್ತಾರು ಬೇರೆ ಬೇರೆ ಜೀವಿಗಳು ಪಾಲು ಹಂಚಿಕೊಂಡು ಕೂತಿದ್ದವು. ನನಗೆ ಈ ಕಪ್ಪು ಗೆರೆಗಳಿಗಿಂತ ಸ್ವಾರಸ್ಯದ ಚಿತ್ರ ಮರದಲ್ಲಿ ಬೇರೆ ಇಲ್ಲ. ಈಚೆಗೆ ಇಂಥ ಹಲಗೆಗೆ ಪಾತ್ರೆ, ಮೇಜು ಮಾಡುವವರಲ್ಲಿ ಒಳ್ಳೆಯ ಬೇಡಿಕೆಯಿದೆ. ಬಿಳಿಚಿದ ಭಾಗ ಮಾತ್ರ ಆಗಲೇ ಅರ್ಧ ಜೀರ್ಣವಾದದ್ದು, ಉಗುರಿಗೂ ಬಗ್ಗುತ್ತದೆ.

ಶಿಲೀಂಧ್ರದ ಬಣ್ಣಗಳಲ್ಲಿ ಒಂದು ಹಸಿರಿದೆ. ಯುರೋಪಿನ ಕಾಡುಗಳಲ್ಲಿ ಕ್ಲೋರೊಸಿಬೋರಿಯಾ ಎಂಬ ಪುಟ್ಟ ಬಟ್ಟಲಾಕಾರದ ಶಿಲೀಂಧ್ರ ಬಿದ್ದ ಕೊಂಬೆಗಳನ್ನು ನೀಲಿಹಸಿರಾಗಿಸುತ್ತದೆ. ಅದರ ಬಣ್ಣದ ಹೆಸರು ಕ್ಸೈಲಿಂಡೀನ್. ಹದಿನೈದನೆಯ ಶತಮಾನದ ಇಟಲಿಯಲ್ಲಿ ಮರದ ಚೂರುಗಳನ್ನು ಜೋಡಿಸಿ ಚಿತ್ರ ಮಾಡುವ ಕುಶಲಿಗಳು ಅದನ್ನು ಹುಡುಕಿ ತರುತ್ತಿದ್ದರು. ಗುಬ್ಬಿಯೊ ಅರಮನೆಯಲ್ಲಿ ದೊರೆ ಫೆಡೆರಿಗೊ ದ ಮಾಂಟೆಫೆಲ್ಟ್ರೊ ಇಂಥ ಮರದ ಚಿತ್ರಗಳಿಂದ ಮಾಡಿಸಿಕೊಂಡ ಓದುಕೋಣೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅಂಥ ಕೆಲಸಗಳ ಹಸಿರು ಈ ಶಿಲೀಂಧ್ರದ್ದೆಂದು 1992ರಲ್ಲಿ ರಾಬರ್ಟ್ ಬ್ಲಾಂಚೆಟ್ ಮತ್ತು ಸಂಗಡಿಗರು ಖಚಿತಪಡಿಸಿದರು. ಐನೂರು ವರ್ಷ ಕಳೆದರೂ ಆ ಹಸಿರು ಮಾಸಿಲ್ಲ. ನಮ್ಮ ಮೈಸೂರಿನ ಬೀಟೆ ಇನ್‌ಲೇ ಕೆಲಸದವರೂ ಇದೇ ಕಣ್ಣುಳ್ಳವರು: ಹಲಸಿನ ಹಳದಿ, ಬೀಟೆಯ ಕಂದು, ಕರಿಮರದ ಕಪ್ಪು, ಆದಷ್ಟೂ ಮರದ ಸ್ವಂತ ಬಣ್ಣವನ್ನೇ ಆರಿಸಿ ಕೂರಿಸುತ್ತಾರೆ.

ಜೀವಿಗಳೇ ಇಲ್ಲದೆಯೂ ಕಲೆ ಬೀಳುತ್ತದೆ. ಈ ಇನ್ನೊಂದು ತುಂಡು ಮತ್ತಿಯದು. ನಡುವೆ ತುಕ್ಕು ಹಿಡಿದ ಮೊಳೆ, ಅದರ ಮೇಲಕ್ಕೂ ಕೆಳಕ್ಕೂ ಕಡುನೀಲಿ ನಾಲಿಗೆ. ಮರದ ಒಗರು, ಅಂದರೆ ಟ್ಯಾನಿನ್, ಕಬ್ಬಿಣವನ್ನು ಕೂಡಿದಾಗ ಆಗುವುದು ಇದೇ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಕರಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಾಸಾಯನಿಕ ಕ್ರಿಯೆ ಮರದೊಳಗೇ ನಡೆದಿದೆ. ಅಳಲೆಯೂ ಮತ್ತಿಯೂ ಒಂದೇ ಕುಲದ ಮರಗಳು. ಸಾಮಿಲ್ಲಿನವರಿಗೆ ಈ ನೀಲಿ ಕಂಡರೆ ಗರಗಸ ನಿಲ್ಲಿಸುವ ಎಚ್ಚರಿಕೆ, ಒಳಗೆ ಕಬ್ಬಿಣವಿದೆ ಎಂದು.

ಗಾಯದ ಕಲೆಗೆ ಜಗತ್ತು ಕೊಡುವ ಅತಿ ಹೆಚ್ಚಿನ ಬೆಲೆ ಅಗರುವಿಗೆ. ಅಸ್ಸಾಮಿನ ಅಗರು ಮರ ಆರೋಗ್ಯವಾಗಿದ್ದಾಗ ಬೆಳ್ಳಗೆ, ಹಗುರ, ವಾಸನೆಯಿಲ್ಲ. ಕಾಂಡ ಕೊರೆಯುವ ಹುಳ ಹೊಕ್ಕು, ಅದರ ಹಿಂದೆ ಶಿಲೀಂಧ್ರ ಹೊಕ್ಕಾಗ, ಮರ ಆ ಸುತ್ತ ಕಪ್ಪು ರಾಳ ಸುರಿಸಿ ತಡೆಯುತ್ತದೆ. ಆ ರಾಳ ತುಂಬಿದ ಮರ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರವಾಗುತ್ತದೆ, ಅದೇ ಅಗರು. ಹೊಜಾಯಿ ಪಟ್ಟಣದ ವ್ಯಾಪಾರ ನಿಂತಿರುವುದು ಅದರ ಮೇಲೆ. ಒಳಗೆ ರಾಳವಿದೆಯೋ ಇಲ್ಲವೋ ತಿಳಿಯದೆ ಕಾಡಿನ ಮರಗಳನ್ನೆಲ್ಲ ಕಡಿದದ್ದರಿಂದ, 1995ರಿಂದ ಈ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿದೆ. ಮಲೆನಾಡಿನಲ್ಲೂ ಈಗ ಅಡಿಕೆ, ಕಾಫಿಯ ನಡುವೆ ಅಗರು ನೆಟ್ಟವರಿದ್ದಾರೆ. ಮರಕ್ಕೆ ತೂತು ಕೊರೆದು ಶಿಲೀಂಧ್ರ ಸೇರಿಸಿದರೆ ಇಷ್ಟು ವರ್ಷಕ್ಕೆ ಇಷ್ಟು ಲಕ್ಷ ಎಂದು ಹೇಳಿಕೊಂಡು ಬರುವವರ ಮಾತನ್ನು ನಂಬುವ ಮುಂಚೆ, ಅದೇ ರೀತಿ ಮಾಡಿ ಕೊಯ್ದ ಮರವನ್ನು ಸೀಳಿ ತೋರಿಸಿ ಎಂದು ಕೇಳಿ. ಕಲೆ ಬಿದ್ದ ಮಾತ್ರಕ್ಕೆ ಅಗರು ಆಗುವುದಿಲ್ಲ. ಮರ ಎಷ್ಟು ರಾಳ ಸುರಿಸುತ್ತದೆಂಬುದು ಮರದಿಂದ ಮರಕ್ಕೆ ಬೇರೆ.

ಕೊನೆಯದಾಗಿ, ಕಲೆಯಲ್ಲದ ಚಿತ್ತಾರವೂ ಉಂಟು. ಕೆಲವು ಮತ್ತಿ ಹಲಗೆಗಳಲ್ಲಿ, ಪಿಟೀಲಿನ ಬೆನ್ನಿಗೆ ಬಳಸುವ ಮೇಪಲ್ಲಿನಲ್ಲಿ, ಅಲೆಯಲೆಯಾದ ಪಟ್ಟೆ ಹೊಳೆಯುತ್ತದೆ. ಅಲ್ಲಿ ಬಣ್ಣವೇನೂ ಇಲ್ಲ, ಮರದ ನೂಲು ಅಲೆಯಾಗಿ ಬೆಳೆದಿದೆ. ಹಲಗೆಯನ್ನು ಬೆಳಕಿಗೆ ಓರೆ ಮಾಡಿದರೆ ಪಟ್ಟೆ ಜರುಗುತ್ತದೆ. ಕಲೆಯಾಗಿದ್ದರೆ ನಿಂತಲ್ಲೇ ನಿಲ್ಲುತ್ತದೆ. ಗುರುತಿಸಲು ಇದಕ್ಕಿಂತ ಸುಲಭ ದಾರಿ ಬೇಡ.

ಮನೆ ಕಟ್ಟಿಸುತ್ತಿರುವವರು ಸಭೆಯಲ್ಲಿದ್ದರೆ ಅವರಿಗಾಗಿ ಇಷ್ಟು ಹೇಳುತ್ತೇನೆ. ಆಗತಾನೆ ಕೊಯ್ದ ತೇಗದಲ್ಲಿ ಹಸಿರುಗಪ್ಪು ಮಚ್ಚೆ ಕಂಡು ಹಿಂದಕ್ಕೆ ಕಳಿಸಬೇಡಿ; ಬಿಸಿಲು ಗಾಳಿಗೆ ಬಿಟ್ಟರೆ ಬಹಳಷ್ಟು ಒಂದೇ ಹೊಂಗಂದಿಗೆ ತಿರುಗುತ್ತದೆ. ನೀಲಿ ಕಂಡರೆ ನೋಟಕ್ಕೆ ಕುಂದು, ಬಲಕ್ಕೆ ಅಷ್ಟಾಗಿ ಅಲ್ಲ. ಆದರೆ ಅದು ಒಳಗಿನವರೆಗೆ ಇಳಿದಿರುವುದರಿಂದ ಉಜ್ಜುಗೊರಡಿಗೆ ಹೋಗುವುದಿಲ್ಲ. ಮೊಳೆಯ ಕರಿ ಆಕ್ಸಾಲಿಕ್ ಆಮ್ಲದ ನೀರಿಗೆ ಬಿಡುತ್ತದೆ. ಸೂಜಿಮೊನೆಯ ತೂತು, ಅದರ ಸುತ್ತ ಕಪ್ಪು ಇದ್ದರೆ ಹಸಿ ಮರದಲ್ಲಿ ಶಿಲೀಂಧ್ರ ಬೆಳೆಸಿಕೊಂಡಿದ್ದ ದುಂಬಿಯದು. ಒಣಗಿದ ಮರದಲ್ಲಿ ಅದು ಬದುಕುವುದಿಲ್ಲ. ಬಿಳಿಚಿದ ತೇಪೆಗೆ ಉಳಿಯ ಮೂಲೆ ಒತ್ತಿ ನೋಡಿ, ಮೆತ್ತಗೆ ಇಳಿದರೆ ಅದನ್ನು ದಾರಂದಕ್ಕೆ ಹಾಕಬೇಡಿ. ಒಳಗಿನ ತೇವ ಶೇಕಡಾ 20ಕ್ಕಿಂತ ಕೆಳಗಿಳಿದ ಮೇಲೆ ಯಾವ ಕೊಳೆ ಶಿಲೀಂಧ್ರವೂ ಮುಂದುವರಿಯದು, ಹಾಗಾಗಿ ಮರವನ್ನು ಒಣಗಿಸುವುದಕ್ಕೆ ಕೊಡುವ ದಿನಗಳಲ್ಲಿ ಜಿಪುಣತನ ಬೇಡ. ಇಂಥ ಹಲಗೆಯನ್ನು ಉಜ್ಜುವಾಗ ಮೂಗಿಗೆ ಬಟ್ಟೆಯಲ್ಲ, ಸರಿಯಾದ ಮಾಸ್ಕ್ ಕಟ್ಟಿಕೊಳ್ಳಲು ನಿಮ್ಮ ಆಚಾರ್ರಿಗೆ ಹೇಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಲಗೆ, ಮೊಳೆಯ ತುಂಡು, ಭೂತಗನ್ನಡಿ ಎಲ್ಲವೂ ಇಲ್ಲೇ ಇರುತ್ತವೆ. ವಿದ್ಯಾರ್ಥಿಗಳು ಮೊದಲು ಬನ್ನಿ, ಮುಟ್ಟಿ ತಿರುಗಿಸಿ ನೋಡಿ. ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳೋಣ.